ಹಿರಿಯರ ನೆನಪು ಯಾರ ಸ್ವತ್ತು?

ಪಕ್ಷಮಾಸವು ಬಂದಿತೆಂದರೆ ಮಾಧ್ವರ ಮನೆಗಳಲ್ಲಿ ಪಿತೃಸ್ಮರಣೆ ನಡೆಯುತ್ತದೆ. ತಂದೆಯನ್ನು ವಸ್ವಂತರ್ಗತ ಪ್ರದ್ಯುಮ್ನನಲ್ಲಿಯೂ, ತಾತನನ್ನು ರುದ್ರಾಂತರ್ಗತ ಸಂಕರ್ಷಣನಲ್ಲಿಯೂ, ಮುತ್ತಾತನನ್ನು ಆದಿತ್ಯಾಂತರ್ಗತ ವಾಸುದೇವನಲ್ಲಿಯೂ ಚಿಂತಿಸಿ ತಿಲೋದಕವನ್ನು ಬಿಡುವುದು ನಮ್ಮ ಸಂಪ್ರದಾಯ. ಮಹಾಲಯದಲ್ಲಿ ಈ ಮೂವರೊಡನೆ ಸೋದರಮಾವ, ಸೋದರತ್ತೆ, ಗುರುಗಳು, ಆಪ್ತರು ಎಲ್ಲರ ಹೆಸರನ್ನೂ ಗೋತ್ರವನ್ನೂ ಹೇಳುತ್ತೇವೆ. ಹೆಸರು ತಪ್ಪಿದರೆ ಪುರೋಹಿತರು ತಿದ್ದುತ್ತಾರೆ. ಆದರೆ ಆ ಹೆಸರಿನವರು ಹೇಗೆ ಬಾಳಿದರು, ಏನನ್ನು ಸಹಿಸಿದರು ಎಂಬುದನ್ನು ಅರಿತವರು ನಮ್ಮಲ್ಲಿ ಎಷ್ಟು ಮಂದಿ? ಎಳ್ಳುನೀರು ಬಿಡುವ ಕೈಗೆ ಹೆಸರಷ್ಟೇ ಗೊತ್ತು, ಬಾಳು ಗೊತ್ತಿಲ್ಲ.

ಈ ಕೊರತೆಯನ್ನು ಕಿಂಚಿತ್ತಾದರೂ ನೀಗಬೇಕೆಂದು ನಾನೂ ನನ್ನ ತಂಗಿಯೂ ಯಲಹಂಕದ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಯತ್ನವನ್ನು ಕೈಗೊಂಡೆವು. ತೊಂಬತ್ತರ ಸಮೀಪದಲ್ಲಿರುವ ಅಜ್ಜಿಯವರನ್ನು ಕೂರಿಸಿ, ಅವರ ಜೀವನದ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಇಪ್ಪತ್ತು ಇಪ್ಪತ್ತು ನಿಮಿಷಗಳ ಕಂತುಗಳನ್ನಾಗಿ ಮಾಡಿ, ಊರೂರುಗಳಲ್ಲಿ ಚದುರಿರುವ ಬಂಧುಗಳಿಗೆ ಕೇಳಿಸುವುದು ನಮ್ಮ ಸಂಕಲ್ಪ. ಇಂದಿನವರು ಇದನ್ನು ಪಾಡ್‌ಕಾಸ್ಟ್ ಎನ್ನುತ್ತಾರೆ. ಅಜ್ಜಿ ಚಿಕ್ಕಬಳ್ಳಾಪುರದಿಂದ ಯಲಹಂಕಕ್ಕೆ ಕಿರಿದಾದ ಹಳಿಯ ಸಣ್ಣ ರೈಲಿನಲ್ಲಿ ನವವಧುವಾಗಿ ಬಂದುದು, ಬಾವಿಯಲ್ಲಿ ಮಡಿನೀರು ಸೇದುತ್ತಿದ್ದುದು, ಚಾತುರ್ಮಾಸ್ಯದ ಶಾಕವ್ರತದ ಅಡಿಗೆ, ಇವೆಲ್ಲ ಸಲೀಸಾಗಿ ಸಾಗಿದವು. ಮೇಲೆ ವಿಮಾನ ಹಾರಿದಾಗ ಮಾತು ನಿಲ್ಲಿಸುವುದು, ಸದ್ದಡಗಿದ ಮೇಲೆ ಮುಂದುವರಿಸುವುದು, ಇಷ್ಟೇ ನಮ್ಮ ತೊಡಕಾಗಿತ್ತು.

ಆರನೆಯ ದಿನ ಅಜ್ಜಿ ತಾತನವರ ಅಕ್ಕನ ಮಾತೆತ್ತಿದರು. ಅವರು ತಂದೆಯವರಿಗೆ ಸೋದರತ್ತೆ. ನಮ್ಮ ಮನೆಯಲ್ಲಿ ಅವರ ಹೆಸರನ್ನು ವೈರಾಗ್ಯದ ನಿದರ್ಶನವಾಗಿ ಹೇಳುವುದು ವಾಡಿಕೆ. ಬಾಲ್ಯದಲ್ಲಿಯೇ ಪತಿಯನ್ನು ಕಳೆದುಕೊಂಡು, ಕೆಂಪು ಸೀರೆಯುಟ್ಟು, ನಿರ್ಜಲ ಏಕಾದಶಿಗಳನ್ನಾಚರಿಸಿ, ದಾಸರ ಪದಗಳನ್ನು ಹಾಡುತ್ತ ಹರಿಸೇವೆಯಲ್ಲಿ ಜೀವ ಸವೆಸಿದ ಸಾಧ್ವಿ ಎಂದು ತಂದೆಯವರು ಪುರಾಣ ಹೇಳುವಾಗಲೂ ಅವರನ್ನು ಸ್ಮರಿಸುವುದುಂಟು. ಅಜ್ಜಿ ಹೇಳಿದುದು ಬೇರೆ.

“ಹತ್ತು ವರ್ಷಕ್ಕೆ ಮದುವೆ, ಹದಿಮೂರಕ್ಕೆ ಮುಗಿಯಿತು. ಮೈನೆರೆದ ಮೇಲೆ ಹಿಂದಿನ ಬಾಗಿಲಿಗೆ ಕ್ಷೌರಿಕನನ್ನು ಕರೆಸಿದರಂತೆ. ತೀರ್ಮಾನ ಮಾಡಿದವರು ನಿನ್ನ ತಾತನ ತಂದೆಯವರೇ. ‘ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಕಣೇ’ ಅಂತ ಅಕ್ಕ ಒಲೆ ಮುಂದೆ ಕೂತು ನನಗೆ ಹೇಳಿ ಅಳೋಳು. ಮುದುಕಿಯಾದರೂ ಅಳು ನಿಂತಿರಲಿಲ್ಲ.”

ತಂದೆಯವರು ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. ಆ ಭಾಗವನ್ನು ಅಳಿಸಿಬಿಡೆಂದರು. “ದಿವಂಗತರಾದವರ ಮನೆಯ ಮಾತನ್ನು ಬೀದಿಗೆ ತರಬಾರದು. ಅವರು ಸಾತ್ತ್ವಿಕರಾಗಿ ಬಾಳಿದವರು, ಅಷ್ಟು ಸಾಕು” ಎಂಬುದು ಅವರ ನಿಲುವು. ಕಂತಿಗೆ ಇದೇ ತಿರುಳು ಎಂಬುದು ನನ್ನ ಮನಸ್ಸಿನ ಉತ್ಸಾಹ. ಯಾರದು ಧರ್ಮ?

ಈ ಪ್ರಶ್ನೆಯನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿಯೇ ನೋಡಬೇಕೆನಿಸಿತು. ನೈಯಾಯಿಕರು ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಿಂದ ಹೊರಗಿಡುತ್ತಾರೆ. ಹಿಂದೆ ತಿಳಿದುದನ್ನೇ ಮತ್ತೆ ತಿಳಿಯುವುದರಲ್ಲಿ ಹೊಸದೇನೆಂದು ಆಕ್ಷೇಪಿಸುವವರೂ ಇದ್ದಾರೆ. ಶ್ರೀಮದಾಚಾರ್ಯರ ಮತ ಹಾಗಲ್ಲ. ವಸ್ತುವನ್ನು ಇದ್ದಂತೆ ತಿಳಿಸುವುದೇ ಪ್ರಮಾಣವಾದುದರಿಂದ ಯಥಾರ್ಥವಾದ ಸ್ಮೃತಿಯೂ ಪ್ರಮಾಣವೇ. ಟೀಕಾಚಾರ್ಯರಾದ ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಮುದುಕರ ಮಾತೆಂದು ನೆನಪನ್ನು ತಳ್ಳಿಹಾಕುವುದು ನಮಗೆ ಸಲ್ಲದು.

ಇನ್ನೊಂದು ಅಂಶವಿದೆ. ಸುಖದುಃಖಗಳನ್ನು ಅರಿಯುವುದು ಸಾಕ್ಷಿ. ಅದು ಜೀವನ ಸ್ವರೂಪೇಂದ್ರಿಯ. ಅದರ ಅರಿವಿನಲ್ಲಿ ಭ್ರಮೆಗೆ ಎಡೆಯಿಲ್ಲ. ಜೀವಜೀವರಿಗೆ ಭೇದವು ಸತ್ಯವಾದುದರಿಂದ ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರು ಎರವಲು ಪಡೆಯಲಾಗದು. ಆ ಬಾಲಿಕೆಗೆ ಆದ ನೋವನ್ನು ಬಲ್ಲವಳು ಆಕೆಯೊಬ್ಬಳೇ. “ಅವಳಿಗೆ ನೋವಾಗಿರಲಿಲ್ಲ, ಅದು ವೈರಾಗ್ಯ” ಎಂದು ಹೇಳುವ ಅಧಿಕಾರ ಆಕೆಯ ತಂದೆಗೂ ಇರಲಿಲ್ಲ, ನನ್ನ ತಂದೆಗೂ ಇಲ್ಲ. ಹಾಗೆಯೇ ಆ ನೋವನ್ನು ನನ್ನ ಕಂತಿನ ಸಾಮಗ್ರಿಯಾಗಿ ಬಳಸುವ ಅಧಿಕಾರ ನನಗೂ ಇಲ್ಲ. ಪಂಚಭೇದದ ಪಾಠವನ್ನು ಬಾಯಿಪಾಠವಾಗಿ ಒಪ್ಪಿಸಿದ್ದ ನನಗೆ ಅದು ಮನೆಯ ನಡುವೆ ಬಂದು ನಿಂತುದು ಅಂದೇ.

ಸತ್ಯವಾದರೂ ಹಾನಿಕರವಾದುದನ್ನು ಆಡಬಾರದೆಂಬುದಕ್ಕೆ ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನ ಕಥೆಯಿದೆ. ಅಡಗಿದವರ ದಾರಿಯನ್ನು ದಸ್ಯುಗಳಿಗೆ ನಿಜವಾಗಿ ತಿಳಿಸಿ, ಅವರ ವಧೆಗೆ ಕಾರಣನಾಗಿ, ಆ ಬ್ರಾಹ್ಮಣನು ನರಕಕ್ಕೆ ಹೋದನು. ತಂದೆಯವರು ಇದನ್ನೇ ಉದಾಹರಿಸಿದರು. ಆದರೆ ಕೌಶಿಕನು ಮೌನವಾಗಿದ್ದರೆ ಜೀವಗಳು ಉಳಿಯುತ್ತಿದ್ದವು. ನಾವು ಮೌನವಾಗಿದ್ದರೆ ಉಳಿಯುವುದು ಯಾವ ಜೀವ? ಉಳಿಯುವುದು ನಮ್ಮ ಮನೆತನದ ಹೆಸರು ಮಾತ್ರ. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಬಾಲಿಕೆಯರ ವಿವಾಹವನ್ನು ನಿಷೇಧಿಸಿತ್ತು. ಹತ್ತು ವರ್ಷದ ಹುಡುಗಿಗೆ ಆ ಕಾಯಿದೆಯಿಂದ ರಕ್ಷಣೆ ದೊರೆಯಲಿಲ್ಲ. ಇಂತಹ ಕೆಂಪು ಸೀರೆಯ ಅಜ್ಜಿಯೊಬ್ಬರು ಹಿಂದೆ ಎಷ್ಟೋ ಮನೆಗಳ ಅಡಿಗೆಮನೆಯಲ್ಲಿದ್ದರು. ಅವರೆಲ್ಲರ ವೈರಾಗ್ಯವನ್ನು ಹೊಗಳಿದೆವು. ಅವರ ಮಾತನ್ನು ಕೇಳಿದವರು ಕೆಲವೇ ಮಂದಿ.

ಎಂ. ಕೆ. ಇಂದಿರಾ ಅವರು ಹಾಗೆ ಕೇಳಿದವರು. 1976ರಲ್ಲಿ ಪ್ರಕಟವಾದ ಅವರ ‘ಫಣಿಯಮ್ಮ’ ಕಾದಂಬರಿಯು ಅವರ ಬಂಧುವೇ ಆಗಿದ್ದ ಬಾಲವಿಧವೆಯೊಬ್ಬರ ನಿಜಜೀವನವನ್ನು ಆಧರಿಸಿದ್ದು. ಆ ವೃದ್ಧೆ ಇಂದಿರಾ ಅವರ ತಾಯಿಗೆ ಹೇಳಿದುದನ್ನು ತಾಯಿ ಮಗಳಿಗೆ ಹೇಳಿದರು. ಮಗಳು ಲೋಕಕ್ಕೆ ಹೇಳಿದರು. ಮುಂದೆ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಒಲೆಯ ಮುಂದೆ ಆಡಿದ ಮಾತನ್ನು ಅಲಕ್ಷಿಸದೆ ಕೇಳಿದ ಇಬ್ಬರು ಹೆಂಗಸರಿಂದ ಒಂದು ಜೀವನ ಮರೆವಿಗೆ ಸಲ್ಲದೆ ಉಳಿಯಿತು. ನಮ್ಮ ಪರಂಪರೆಯಲ್ಲಿಯೂ ಕೇಳಿ ಉಳಿಸುವುದು ದೊಡ್ಡ ಕಾರ್ಯವೇ. ಶ್ರೀಮದಾಚಾರ್ಯರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಪುತ್ರರು ನಾರಾಯಣ ಪಂಡಿತಾಚಾರ್ಯರು. ಅವರು ಹದಿನಾರು ಸರ್ಗಗಳ ಸುಮಧ್ವವಿಜಯವನ್ನು ರಚಿಸಿ ಅಲ್ಲಿಗೇ ನಿಲ್ಲಲಿಲ್ಲ. ಕಾವ್ಯದಲ್ಲಿ ಸಂಸ್ಕೃತೀಕರಿಸಿದ ಊರುಗಳ, ವ್ಯಕ್ತಿಗಳ ನಿಜವಾದ ದೇಶೀ ಹೆಸರುಗಳನ್ನು ತಾವೇ ಬರೆದ ಭಾವಪ್ರಕಾಶಿಕೆಯಲ್ಲಿ ಕಾಣಿಸಿದರು. ಚಂದದ ಮಾತಿನ ಹಿಂದಿರುವ ನಿಜ ಕಳೆದುಹೋಗಬಾರದೆಂಬ ಎಚ್ಚರ ಅದರಲ್ಲಿ ಕಾಣುತ್ತದೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ ನನಗೆ ಹೊಳೆದುದೆಂದರೆ, ಕೇಳಬೇಕಾದವರನ್ನು ನಾವಿಬ್ಬರೂ ಕೇಳಿರಲಿಲ್ಲ. ಆ ಬಾಲಿಕೆಗೆ ಆದುದೂ ಅದೇ ಅನ್ಯಾಯವಲ್ಲವೇ? ಅಜ್ಜಿಯ ಬಳಿ ಹೋಗಿ, ಇದನ್ನು ಇಡಲೇ, ಅಳಿಸಲೇ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಅಳಿಸಬೇಡ. ಅವಳು ಅತ್ತದ್ದೂ ನಿಜ, ಬೆಳಗಿನ ಜಾವ ಹಾಡುತ್ತಿದ್ದದ್ದೂ ನಿಜ. ಎರಡನ್ನೂ ಇಡು. ಮನೆಯ ಹೆಣ್ಣುಮಕ್ಕಳು ಕೇಳಲಿ. ಊರಿಗೆಲ್ಲ ಹಂಚಬೇಡ, ಅವಳು ಹೇಳಿದ್ದು ನನ್ನೊಬ್ಬಳಿಗೆ” ಎಂದರು.

ಈ ತೀರ್ಪಿನಲ್ಲಿ ತಂದೆಯವರ ಮಾತಿಗೂ ಸ್ಥಾನವಿತ್ತು. ಆ ಹಿರಿಯರ ಭಕ್ತಿ ಸುಳ್ಳಾಗಿರಲಿಲ್ಲ. ಕಣ್ಣೀರನ್ನಷ್ಟೇ ಇಟ್ಟಿದ್ದರೆ ಅವರನ್ನು ಮತ್ತೊಂದು ರೀತಿಯಲ್ಲಿ ಕುಗ್ಗಿಸಿದಂತಾಗುತ್ತಿತ್ತು. ಆ ಕಂತನ್ನು ಪಾಡ್‌ಕಾಸ್ಟಿಗೆ ಸೇರಿಸಲಿಲ್ಲ. ಮನೆಯವರಿಗಾಗಿ ಬೇರೆಯಾಗಿ ಇರಿಸಿದ್ದೇವೆ. ಹೆಸರಿಲ್ಲದೆ ಈ ವಿಚಾರವನ್ನು ಇಲ್ಲಿ ಬರೆಯುವುದಕ್ಕೂ ಅಜ್ಜಿಯ ಅನುಮತಿ ಪಡೆದಿದ್ದೇನೆ. ನೆನಪು ನಮ್ಮಲ್ಲಿ ಇಟ್ಟ ನ್ಯಾಸ. ಅದನ್ನು ಕಾಯುವುದು ನಮ್ಮ ಕೆಲಸ, ಒಡೆತನ ನಮ್ಮದಲ್ಲ. ಮಾನಕ್ಕೆ ಹೆದರಿ ಅಳಿಸುವವನೂ, ಮೆಚ್ಚುಗೆಗೆ ಆಸೆಪಟ್ಟು ಹರಡುವವನೂ ನ್ಯಾಸವನ್ನು ಕೆಡಿಸಿದವರೇ.

ಮನೆಯಲ್ಲಿ ವೃದ್ಧರಿರುವ ವಾಚಕರು ಈ ಕಾರ್ಯವನ್ನು ಮುಂದೂಡಬಾರದು. ಉಪವಾಸದ ದಿನವನ್ನು ಬಿಟ್ಟು, ಫಲಾಹಾರವಾದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡರೆ ಸಾಕು. ಇಸವಿ ಕೇಳಿದರೆ ಅವರು ತಡವರಿಸುತ್ತಾರೆ. ಯಾರ ಮದುವೆಗೆ ಮೊದಲು, ಯಾವ ಹಬ್ಬದ ನಂತರ ಎಂದು ಕೇಳಿದರೆ ತಾವೇ ಬಿಚ್ಚುತ್ತಾರೆ. ಆರಂಭದಲ್ಲಿ ತಿಥಿಯನ್ನೂ ದಿನಾಂಕವನ್ನೂ ಹೇಳಿಸಿ. ಕೊನೆಯಲ್ಲಿ, “ಇದನ್ನು ಯಾರು ಕೇಳಬಹುದು?” ಎಂದು ತಪ್ಪದೆ ಕೇಳಿ, ಆ ಉತ್ತರವನ್ನೂ ಮುದ್ರಿಸಿ, ಅದರಂತೆಯೇ ನಡೆಯಿರಿ.

ಕಳೆದ ಪಕ್ಷಮಾಸದ ಹಿಂದಿನ ದಿನ ತಂದೆಯವರು ಆ ಕಂತನ್ನು ಒಬ್ಬರೇ ಕೂತು ಕೇಳಿದರು. ಏನನ್ನೂ ಹೇಳಲಿಲ್ಲ. ಮರುದಿನ ತರ್ಪಣದಲ್ಲಿ ಸೋದರತ್ತೆಯ ಹೆಸರು ಬಂದಾಗ ಅವರ ಕಂಠ ತಡೆಯಿತು. ಸ್ವಲ್ಪ ನಿಂತು, ಹೆಸರನ್ನು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ, ಎಳ್ಳುನೀರನ್ನು ಬಿಟ್ಟರು. ಪುರಾಣದಲ್ಲಿ ಅವರನ್ನು ಈಗಲೂ ಸ್ಮರಿಸುತ್ತಾರೆ. ವೈರಾಗ್ಯದ ನಿದರ್ಶನವೆಂದು ಮಾತ್ರ ಹೇಳುವುದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥