ಮುರುಕು ಗೋಪುರವನ್ನು ಕ್ರಾಪ್ ಮಾಡಬೇಡಿ
(ಭಾನುವಾರದ ಯೌವನಸ್ಥರ ಆರಾಧನೆಯ ಸಂದೇಶ. ಓದುವ ಭಾಗ: ಎಜ್ರ 3:10-13)

ಎಲ್ಲರೂ ಎಜ್ರ ಮೂರನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಅದಕ್ಕೆ ಮೊದಲು ಒಂದು ಸಾಕ್ಷಿ ಹೇಳ್ತೀನಿ.

ಫೆಬ್ರವರಿಯಲ್ಲಿ ಆಫೀಸ್ ಕೆಲಸದ ಮೇಲೆ ಬರ್ಲಿನ್‌ಗೆ ಹೋಗಿದ್ದೆ. ಅಲ್ಲಿ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚ್ ಇದೆ. 1895ರಲ್ಲಿ ಪ್ರತಿಷ್ಠೆಯಾದ ಆ ಆಲಯಕ್ಕೆ 1943ರ ನವೆಂಬರ್‌ನಲ್ಲಿ ಬಾಂಬ್ ಬಿತ್ತು. 113 ಮೀಟರ್ ಎತ್ತರದ ಗೋಪುರದ ತುದಿಯೇ ಮುರಿದುಹೋಯಿತು. ಯುದ್ಧವಾದ ಮೇಲೆ ಎಗಾನ್ ಐಯರ್‌ಮನ್ ಅನ್ನೋ ವಾಸ್ತುಶಿಲ್ಪಿ, ಅದನ್ನೂ ಕೆಡವಿ ಎಲ್ಲಾ ಹೊಸದಾಗಿ ಕಟ್ಟೋಣ ಅಂದರು. ಊರಿನ ಜನ ಒಪ್ಪಲಿಲ್ಲ. ಕೊನೆಗೆ ಮುರುಕು ಗೋಪುರ ಹಾಗೇ ನಿಂತಿತು. 1961ರಲ್ಲಿ ಅದರ ಪಕ್ಕದಲ್ಲೇ ಹೊಸ ಆಲಯ ಪ್ರತಿಷ್ಠೆಯಾಯಿತು.

ಹಗಲಲ್ಲಿ ಹೊರಗಿಂದ ನೋಡಿದರೆ ಹೊಸ ಆಲಯ ಏನೂ ಅನ್ನಿಸಲ್ಲ. ಎಂಟು ಮೂಲೆಯ ಕಾಂಕ್ರೀಟ್ ಕಟ್ಟಡ, ಜೇನುಗೂಡಿನ ಹಾಗೆ ಗೂಡುಗಳು, ಕಪ್ಪಗೆ ಕಾಣೋ ಗಾಜು. ನಾನು ಟ್ರೈಪಾಡ್ ಹಾಕಿ ಕಾದೆ. ಕತ್ತಲಾಗ್ತಾ ಬಂದ ಹಾಗೆ ಗೋಡೆಯೆಲ್ಲಾ ನೀಲಿಯಾಗಿ ಹೊಳೆಯಿತು! ಆ ಆಲಯಕ್ಕೆ ಒಂದರೊಳಗೆ ಒಂದು ಎರಡು ಗೋಡೆ, ನಡುವೆ ದೀಪ. ಗಾಜಿನ ತುಂಡುಗಳೇ 20,000ಕ್ಕೂ ಹೆಚ್ಚು. ಹಗಲಲ್ಲೂ ಅದೇ ಗಾಜು ಇತ್ತು. ಹೊರಗೆ ಕತ್ತಲಾದ ಮೇಲೆ ಒಳಗೆ ಬೆಳಕಿದೆ ಅಂತ ಗೊತ್ತಾಯಿತು. ಇದಕ್ಕೆ ಆಮೆನ್ ಹೇಳ್ತೀರಾ?

ಆದರೆ ನಾನೇನು ಮಾಡಿದೆ ಗೊತ್ತಾ? ಮುರುಕು ಗೋಪುರ ಫೋಟೋ ಕೆಡಿಸುತ್ತೆ ಅಂತ ಕ್ರಾಪ್ ಮಾಡಿ, ಅಲ್ಲೇ ಸ್ಟೇಟಸ್ ಹಾಕಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಸಂಜೆಯ ಪ್ರಾರ್ಥನೆ ಮುಗಿಸಿ ಜನ ಹೊರಗೆ ಬಂದರು. ನಾನು ನಲವತ್ತು ಫೋಟೋ ತೆಗೆಯೋವಾಗ ಅವರು ಆ ಗೋಡೆಯ ಆಚೆ ಕರ್ತನ ಮುಂದೆ ಕೂತಿದ್ದರು. ನಾನು ಪಾಸ್ಟರ್! ಒಂದು ನಿಮಿಷ ಪ್ರಾರ್ಥನೆ ಮಾಡಿರಲಿಲ್ಲ. ನಾಚಿಕೆಯಾಯಿತು.

ಆ ರಾತ್ರಿ ಪವಿತ್ರಾತ್ಮನು ಇನ್ನೊಂದು ವಿಷಯ ತೋರಿಸಿದನು. ಬೈಬಲ್ ಕಾಲೇಜಿಗೆ ಸೇರುವ ಮೊದಲು ಎರಡು ವರ್ಷ ನಾನು ಸಭೆಗೇ ಹೋಗಿರಲಿಲ್ಲ, ಅಪ್ಪನ ಜೊತೆ ಮಾತೂ ಬಿಟ್ಟಿದ್ದೆ. ನಿಮ್ಮ ಮುಂದೆ ಎಷ್ಟು ಸಲ ಸಾಕ್ಷಿ ಹೇಳಿದ್ದೀನಿ, ಈ ಭಾಗ ಒಂದು ಸಲವೂ ಹೇಳಿಲ್ಲ. ಅದನ್ನೂ ಕ್ರಾಪ್ ಮಾಡಿದ್ದೆ.

ಈಗ ಎಜ್ರ ನೋಡಿ. ಹೊಸ ಆಲಯಕ್ಕೆ ಅಸ್ತಿವಾರ ಹಾಕಿದ ದಿನ ಮೊದಲಿನ ಆಲಯ ಕಂಡಿದ್ದ ಹಿರಿಯರು ಗಟ್ಟಿಯಾಗಿ ಅತ್ತರು, ಉಳಿದವರು ಸಂತೋಷದಿಂದ ಕೂಗಿದರು. ಅಳು ಯಾವುದು, ಹರ್ಷ ಯಾವುದು ಅಂತ ಬೇರೆ ಮಾಡೋಕೇ ಆಗಲಿಲ್ಲ. ಅಳುವವರನ್ನು ಯಾರೂ ಹೊರಗೆ ಕಳಿಸಲಿಲ್ಲ. ಪುನರುತ್ಥಾನವಾದ ಯೇಸುಸ್ವಾಮಿ ಕೂಡ ತೋಮನಿಗೆ ಏನು ತೋರಿಸಿದರು? ತಮ್ಮ ಗಾಯಗಳನ್ನೇ. ಮಹಿಮೆಯ ದೇಹದಲ್ಲೂ ಗಾಯದ ಗುರುತು ಅಳಿಸಿರಲಿಲ್ಲ. ಹಲ್ಲೆಲೂಯ!

ತಮ್ಮಾ, ತಂಗೀ, ಕೆಲಸ ಹೋಗಿದ್ದು, ಮನೆಯ ಜಗಳ, ಬಿದ್ದುಹೋದ ದಿನಗಳನ್ನು ಮುಚ್ಚಿಡಬೇಡ. ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಇವತ್ತು ಅದೇ ಸಾಕ್ಷಿ ಬೇಕಾಗಿರಬಹುದು.

ಎದ್ದು ನಿಲ್ಲೋಣ. ಕರ್ತನೇ, ನಮ್ಮ ಮುರುಕು ಗೋಪುರಗಳ ಪಕ್ಕದಲ್ಲೇ ನಿನ್ನ ಬೆಳಕನ್ನು ಹಚ್ಚು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.