ಎರಡು ಕುದುರೆ, ಒಬ್ಬ ಸಾರಥಿ

ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವ ರಥದ ರೂಪಕ ನಮ್ಮಲ್ಲಿ ಹರಿಕಥೆ, ಪ್ರವಚನಗಳ ಮೂಲಕ ಮನೆಮನೆಗೂ ಬಂದಿದೆ. ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ; ಆತ್ಮ ರಥದ ಒಡೆಯ. ಗ್ರೀಸಿನ ಪ್ಲೇಟೋ ಕೂಡ ಒಂದು ರಥ ಹೂಡಿದ. ಇದನ್ನು ನೋಡಿ ಅದು, ಅದನ್ನು ನೋಡಿ ಇದು ಹುಟ್ಟಿತು ಎನ್ನಲು ಪುರಾವೆಯಿಲ್ಲ. ಆದರೆ ತನ್ನನ್ನು ತಿದ್ದಿಕೊಳ್ಳಲು ಹೊರಟವನ ಒಳಗೆ ನಡೆಯುವ ಜಗ್ಗಾಟವನ್ನು ಪ್ಲೇಟೋನಷ್ಟು ಹತ್ತಿರ ಹೋಗಿ ನೋಡಿದವರು ವಿರಳ.

ಪ್ಲೇಟೋ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಗುಹೆಯ ಕಥೆ. ರಥ ಬರುವುದು ‘ಫೀಡ್ರಸ್’ ಎಂಬ ಸಂವಾದದಲ್ಲಿ, ಕ್ರಿ.ಪೂ. 370ರ ಆಸುಪಾಸಿನಲ್ಲಿ ಬರೆದದ್ದು ಎಂದು ವಿದ್ವಾಂಸರ ಅಂದಾಜು. ಬೇಸಿಗೆಯ ಒಂದು ದಿನ ಸಾಕ್ರಟೀಸ್ ತನ್ನ ಗೆಳೆಯ ಫೀಡ್ರಸ್‌ನ ಜೊತೆ ಅಥೆನ್ಸಿನ ಕೋಟೆಗೋಡೆ ದಾಟಿ, ಇಲಿಸಸ್ ನದಿಯ ತಿಳಿನೀರಿನಲ್ಲಿ ಬರಿಗಾಲಲ್ಲಿ ನಡೆದು, ದೊಡ್ಡ ಮರವೊಂದರ ನೆರಳಿಗೆ ಬಂದು ಒರಗುತ್ತಾನೆ. ಪಕ್ಕದಲ್ಲಿ ನಮ್ಮ ಲಕ್ಕಿಯ ಕುಲಕ್ಕೇ ಸೇರಿದ ಗಿಡ ಮೈತುಂಬ ಹೂ ಬಿಟ್ಟಿದೆ, ಮೇಲೆ ಜೀರುಂಡೆಗಳ ಸದ್ದು. ಬರುವ ದಾರಿಯಲ್ಲಿ ಫೀಡ್ರಸ್ ಒಂದು ಪುರಾಣಕಥೆ ನಿಜವೇ ಎಂದು ಕೇಳಿದ್ದ. ಅಂಥದ್ದಕ್ಕೆಲ್ಲ ತನಗೆ ಪುರುಸೊತ್ತಿಲ್ಲ ಎಂದಿದ್ದ ಸಾಕ್ರಟೀಸ್: ತಾನು ಯಾರೆಂಬುದೇ ಇನ್ನೂ ತಿಳಿದಿಲ್ಲ, ಟೈಫಾನ್ ಎಂಬ ರಾಕ್ಷಸನಿಗಿಂತ ಗೋಜಲಾದ ಮೃಗವೋ, ಸೌಮ್ಯವಾದ ಜೀವವೋ, ಮೊದಲು ಅದು ಗೊತ್ತಾಗಬೇಕು. ರಥದ ಕಥೆಯನ್ನು ಈ ಪ್ರಶ್ನೆಯ ಬೆನ್ನಿಗೇ ಇಟ್ಟು ಓದಬೇಕು.

ಆತ್ಮವೆಂದರೆ ರೆಕ್ಕೆಯುಳ್ಳ ಜೋಡಿ ಕುದುರೆಗಳೂ ಅವನ್ನು ನಡೆಸುವ ಸಾರಥಿಯೂ ಸೇರಿದ ಒಂದು ಶಕ್ತಿ, ಎನ್ನುತ್ತಾನೆ ಸಾಕ್ರಟೀಸ್. ದೇವತೆಗಳ ಕುದುರೆಗಳೆಲ್ಲ ಉತ್ತಮ ತಳಿ. ಅವರ ರಥಗಳು ಸರಾಗವಾಗಿ ಆಕಾಶದ ನೆತ್ತಿಗೇರಿ, ಅದರಾಚೆಗಿರುವ ನ್ಯಾಯ, ಸಂಯಮ, ಜ್ಞಾನಗಳ ನಿಜರೂಪವನ್ನು ಕಣ್ತುಂಬ ನೋಡುತ್ತವೆ. ನಮ್ಮದು ಹಾಗಲ್ಲ. ಒಂದು ಕುದುರೆ ಒಳ್ಳೆಯದು, ಇನ್ನೊಂದು ತುಂಟ. ಸಾರಥಿ ಹೇಗೋ ತಲೆ ಮೇಲೆತ್ತಿ ಒಂದಿಷ್ಟು ಕಾಣುವುದರೊಳಗೆ ರಥಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ರೆಕ್ಕೆ ಮುರಿದು, ಆತ್ಮ ಭೂಮಿಗೆ ಬೀಳುತ್ತದೆ. ರೆಕ್ಕೆ ಮತ್ತೆ ಬೆಳೆಯಲು 10,000 ವರ್ಷ. ಜ್ಞಾನಪ್ರೇಮಿಯ ಬಾಳನ್ನು ಮೂರು ಸಲ ಬೆನ್ನುಬೆನ್ನಿಗೆ ಆಯ್ದುಕೊಂಡವರಿಗೆ ಮಾತ್ರ 3,000.

ಬಿಳಿ ಕುದುರೆಯದು ನೆಟ್ಟಗಿನ ಮೈಕಟ್ಟು, ಎತ್ತಿದ ಕತ್ತು. ಅದಕ್ಕೆ ಮಾನವೂ ಬೇಕು, ನಾಚಿಕೆಯೂ ಉಂಟು. ಚಾವಟಿ ಬೇಡ, ಮಾತು ಸಾಕು. ಕರಿ ಕುದುರೆಯದು ಸೊಟ್ಟ ಮೈ, ಗಿಡ್ಡ ದಪ್ಪ ಕುತ್ತಿಗೆ, ಚಪ್ಪಟೆ ಮೂಗು, ಕೆಂಪೇರಿದ ಕಣ್ಣು, ಕಿವಿಯ ಸುತ್ತ ಪೊದೆಗೂದಲು. ಕಿವಿ ಕೇಳದು, ಬಾರುಕೋಲು, ಮುಳ್ಳುಗೋಲು ಎರಡಕ್ಕೂ ಕಷ್ಟದಿಂದ ಬಗ್ಗುತ್ತದೆ. ಸಾಕ್ರಟೀಸನದೂ ಚಪ್ಪಟೆ ಮೂಗೇ, ಪ್ಲೇಟೋನೇ ಬೇರೆಡೆ ಅದನ್ನು ಬರೆದಿದ್ದಾನೆ. ಗುರುವಿನ ಮೂಗನ್ನು ಕೆಟ್ಟ ಕುದುರೆಗೆ ಇಟ್ಟದ್ದು ಆಕಸ್ಮಿಕವಿರಲಾರದು ಎಂದೇ ನನ್ನ ಎಣಿಕೆ. ಎಂಥ ಜ್ಞಾನಿಯ ರಥಕ್ಕೂ ಈ ಕುದುರೆ ಹೂಡಿಯೇ ಇರುತ್ತದೆ.

ಬಿಳಿ ಕುದುರೆಯನ್ನು ವಿವೇಕವೆಂದುಕೊಳ್ಳುವುದು ಸಾಮಾನ್ಯ ತಪ್ಪು. ವಿವೇಕ ಸಾರಥಿಯ ಪಾಲು. ಬಿಳಿ ಕುದುರೆ ನಮ್ಮೊಳಗಿನ ರೋಷ, ಮಾನ, ಮರ್ಯಾದೆಯ ಭಾಗ. ಅದೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಪ್ಲೇಟೋನ ‘ರಿಪಬ್ಲಿಕ್’ನ ನಾಲ್ಕನೆಯ ಭಾಗದಲ್ಲಿ ಒಂದು ಪ್ರಸಂಗವಿದೆ. ಲಿಯೊಂಟಿಯಸ್ ಎಂಬಾತ ಪೈರೀಯಸ್ ಬಂದರಿನಿಂದ ಊರಿಗೆ ಮರಳುವಾಗ ಗೋಡೆಯ ಹೊರಗೆ ವಧೆಗಾರನ ಬಳಿ ಬಿದ್ದ ಹೆಣಗಳನ್ನು ಕಾಣುತ್ತಾನೆ. ನೋಡುವ ಆಸೆ, ಜೊತೆಗೇ ಹೇಸಿಗೆ. ಮುಖ ಮುಚ್ಚಿಕೊಂಡು ಒದ್ದಾಡುತ್ತಾನೆ. ಕೊನೆಗೆ ಆಸೆ ಗೆದ್ದು, ಓಡಿಹೋಗಿ ಕಣ್ಣರಳಿಸಿ, ತನ್ನ ಕಣ್ಣುಗಳನ್ನೇ ಬೈಯುತ್ತಾನೆ, ಹೊಟ್ಟೆ ತುಂಬ ನೋಡಿಕೊಳ್ಳಿ ಎಂದು. ಅವನಿಗೆ ನಾಚಿಕೆಯಿತ್ತು, ತನ್ನ ಮೇಲೆ ಸಿಟ್ಟೂ ಇತ್ತು. ಆದರೂ ಸೋತ.

‘ಫೀಡ್ರಸ್’ನ ಜಗ್ಗಾಟ ಇನ್ನೂ ದೀರ್ಘವಾದದ್ದು. ಸಾರಥಿಯ ಕಣ್ಣಿಗೆ ಒಬ್ಬ ಚೆಲುವ ಬೀಳುತ್ತಾನೆ. ಬಿಳಿ ಕುದುರೆ ನಾಚಿ ತಡೆದುಕೊಳ್ಳುತ್ತದೆ, ಕರಿಯದು ಚಂಗನೆ ನೆಗೆದು ಇಬ್ಬರನ್ನೂ ಎಳೆದೊಯ್ಯುತ್ತದೆ. ಹತ್ತಿರ ಹೋದಾಗ ಆ ಮುಖದ ಕಾಂತಿ ಕಂಡು ಸಾರಥಿಗೆ ಹಿಂದೊಮ್ಮೆ ಆಕಾಶದಾಚೆ ಕಂಡ ಸೌಂದರ್ಯ ನೆನಪಾಗುತ್ತದೆ. ಭಯಭಕ್ತಿಯಿಂದ ಅವನು ಹಿಂದಕ್ಕೆ ವಾಲಿದ ರಭಸಕ್ಕೆ ಲಗಾಮು ಬಿಗಿದು ಕುದುರೆಗಳೆರಡೂ ಹಿಂಗಾಲ ಮೇಲೆ ಕುಸಿಯುತ್ತವೆ. ಬಿಳಿಯದು ನಾಚಿಕೆಯಿಂದ ಬೆವೆತು ತೊಪ್ಪೆ. ಕರಿಯದು ಉಸಿರು ತಿರುಗಿದ್ದೇ ತಡ, ಹೇಡಿಗಳೆಂದು ಇಬ್ಬರನ್ನೂ ಬೈಯತೊಡಗುತ್ತದೆ. ಇಂದು ಬೇಡ, ಇನ್ನೊಂದು ದಿನ ನೋಡೋಣ ಎಂದು ಇವರು ಬೇಡಿಕೊಂಡರೆ ಒಲ್ಲದ ಮನಸ್ಸಿನಿಂದ ಒಪ್ಪುತ್ತದೆ. ಆ ದಿನ ಬಂದಾಗ ಇವರು ಮರೆತವರಂತೆ ನಟಿಸುತ್ತಾರೆ, ಅದು ಮಾತನ್ನು ನೆನಪಿಸುತ್ತದೆ! ತಲೆ ತಗ್ಗಿಸಿ, ಬಾಲ ಚಾಚಿ, ಕಡಿವಾಣ ಕಚ್ಚಿ ಮತ್ತೆ ಎಳೆಯುತ್ತದೆ. ಈ ಸಲ ಸಾರಥಿ ಜಗ್ಗಿದ ಹೊಡೆತಕ್ಕೆ ನಾಲಗೆ, ದವಡೆ ರಕ್ತವಾಗುತ್ತವೆ. ಹೀಗೆ ಮತ್ತೆ ಮತ್ತೆ ಆದ ಮೇಲಷ್ಟೇ ಅದು ಪಳಗುವುದು.

ತಂಬಾಕು ಬಿಡಲು ಹೊರಟವರನ್ನು ಕೇಳಿ, ಆ ‘ಇನ್ನೊಂದು ದಿನ’ದ ಚೌಕಾಸಿ ಅವರಿಗೆ ಚೆನ್ನಾಗಿ ಗೊತ್ತು. ಚಟಕ್ಕೆ ವಾಯಿದೆ ಕೊಟ್ಟರೆ ಅದು ಸಾಲಗಾರನ ಮನೆಬಾಗಿಲಿಗೆ ಬರುವ ಬಡ್ಡಿಯವನಂತೆ ಹೇಳಿದ ದಿನಕ್ಕೇ ಬಂದು ನಿಲ್ಲುತ್ತದೆ.

ಈ ಇಡೀ ಜಗ್ಗಾಟದಲ್ಲಿ ನಾವು ಸುಲಭವಾಗಿ ದಾಟಿಹೋಗುವುದು ಸಾರಥಿ ಲಗಾಮು ಎಳೆದ ಆ ಮೊದಲ ಕ್ಷಣವನ್ನು. ಅವನನ್ನು ಹಿಂದಕ್ಕೆ ವಾಲಿಸಿದ್ದು ಯಾವ ವ್ರತವೂ ಅಲ್ಲ, ಊರವರ ಹೆದರಿಕೆಯೂ ಅಲ್ಲ. ತಾನು ಒಮ್ಮೆ ಕಂಡ ದೊಡ್ಡದೊಂದರ ನೆನಪು. ಹಲ್ಲು ಕಚ್ಚಿ ತಡೆದುಕೊಂಡರೆ ಸಾಕು ಎನ್ನುವ ಇಂದಿನ ಆತ್ಮೋದ್ಧಾರದ ಬೋಧನೆಗಳು ಸೊರಗುವುದು ಇಲ್ಲಿಯೇ. ಯಾವುದಕ್ಕಾಗಿ ತಡೆದುಕೊಳ್ಳುತ್ತಿದ್ದೇವೆ ಎಂಬುದು ಕಣ್ಣೆದುರು ಇಲ್ಲದಿದ್ದರೆ ನಮ್ಮ ಗತಿ ಲಿಯೊಂಟಿಯಸ್‌ನದು. ಇನ್ನೂ ಒಂದು ಮಾತು: ಆ ಚೆಲುವಿನ ಹತ್ತಿರಕ್ಕೆ ರಥವನ್ನು ಒಯ್ದದ್ದು ಕರಿ ಕುದುರೆಯೇ. ಅದನ್ನು ಕೊಲ್ಲಬೇಕು, ನೊಗದಿಂದ ಬಿಚ್ಚಿ ಅಟ್ಟಬೇಕು ಎಂದು ಪ್ಲೇಟೋ ಎಲ್ಲಿಯೂ ಹೇಳುವುದಿಲ್ಲ. ಕಠೋಪನಿಷತ್ತಿನಲ್ಲೂ ಹಾಗೆಯೇ, ಸಾರಥಿ ಎಚ್ಚರವಾಗಿದ್ದರೆ ಅವವೇ ಕುದುರೆಗಳು ಒಳ್ಳೆಯವಾಗಿ ನಡೆಯುತ್ತವೆ.

ಸೋತವರ ಕಥೆ? ಮೈಮರೆತ ಒಂದು ಗಳಿಗೆಯಲ್ಲಿ ಕುದುರೆಗಳ ಕೈ ಮೇಲಾಗಿ ಜಾರಿದವರ ಬಗ್ಗೆಯೂ ಸಾಕ್ರಟೀಸ್ ಮಾತಾಡುತ್ತಾನೆ, ಅದೂ ಕರುಣೆಯಿಂದ. ಪ್ರೀತಿ ಪ್ರಾಮಾಣಿಕವಾಗಿದ್ದರೆ ಅವರು ಸಾಯುವಾಗ ರೆಕ್ಕೆ ಇರುವುದಿಲ್ಲ, ಆದರೆ ರೆಕ್ಕೆ ಮೂಡುವ ತುಡಿತ ಇರುತ್ತದೆ. ಮೇಲಿನ ದಾರಿಗೆ ಒಮ್ಮೆ ಹೆಜ್ಜೆ ಇಟ್ಟವರು ಪಾತಾಳದ ಕತ್ತಲೆಗೆ ಹೋಗುವುದಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಸಂವಾದ ದೊಡ್ಡದಲ್ಲ, ಒಂದು ಸಂಜೆಯಲ್ಲಿ ಓದಬಹುದು. ಸಾಕ್ರಟೀಸನ ಎರಡನೆಯ ಭಾಷಣದಿಂದ ಶುರುಮಾಡಿ. ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೆಯ ವಲ್ಲಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.