ಮನೆಯಿಲ್ಲದ ಮಕ್ಕಳೂ ದಾನಧರ್ಮವೂ

ದಾನವು ಉಳ್ಳವರ ಧರ್ಮವೆಂಬುದು ಲೋಕರೂಢಿ. ಬೃಹದಾರಣ್ಯಕೋಪನಿಷತ್ತಿನ 5ನೆಯ ಅಧ್ಯಾಯವಾದರೋ ಬೇರೆ ಹೇಳುತ್ತದೆ. ದೇವ, ಮನುಷ್ಯ, ಅಸುರರೆಂಬ ತನ್ನ ಮಕ್ಕಳೆಲ್ಲರಿಗೂ ಪ್ರಜಾಪತಿಯು ‘ದ’ ಎಂಬ ಒಂದೇ ಅಕ್ಷರವನ್ನು ಉಪದೇಶಿಸಲು, ಮನುಷ್ಯರು ಅದನ್ನು ಕೊಡಬೇಕೆಂಬ ಅಪ್ಪಣೆಯಾಗಿ ತಿಳಿದರು. ಪ್ರಜಾಪತಿಯೂ ಅದನ್ನು ಒಪ್ಪಿದನು. ಮನೆಮಠವುಳ್ಳ ಮನುಷ್ಯರಿಗೆ ಮಾತ್ರವೆಂದು ಅಲ್ಲಿ ಹೇಳಿಲ್ಲ. ಹಾಗಾದರೆ ಸೂರಿಲ್ಲದ ಕೂಸಿಗೂ ಕೊಡುವ ಅಧಿಕಾರವುಂಟೇ? ಆ ಮಗುವಿನಿಂದ ಏನನ್ನಾದರೂ ಅಪೇಕ್ಷಿಸುವುದೇ ಕ್ರೌರ್ಯವೆಂದು ನಾನು ಬಹುಕಾಲ ಎಣಿಸಿದ್ದೆನು.

ಮಳೆಗಾಲ ಕಳೆದೊಡನೆ ಬಯಲುಸೀಮೆಯ ಕೂಲಿಕಾರರ ಸಂಸಾರಗಳು ನಮ್ಮ ಕರಾವಳಿಗೆ ಬಂದು ಪ್ಲಾಸ್ಟಿಕ್ ಹೊದಿಸಿದ ಜೋಪಡಿಗಳಲ್ಲಿ ಬೀಡುಬಿಡುವುದನ್ನು ವಾಚಕರು ಕಂಡಿರಬಹುದು. ನಾನು ಕಲಿಸುತ್ತಿದ್ದ ಶಾಲೆಯೊಂದಕ್ಕೆ ಅಂತಹ ಬಾಲಕನೊಬ್ಬನು ಸೇರಿದನು. ಅವನಿಗೆ ಚೀಲ, ಅಂಗಿ, ಪುಸ್ತಕಗಳನ್ನು ಕೊಟ್ಟೆವು. ಕೊಡುವಾಗಲೆಲ್ಲ ಅವನನ್ನು ಎಲ್ಲರೆದುರು ನಿಲ್ಲಿಸಿ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದವನು ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೂರನೆಯ ಸಲ ಕರೆದ ದಿನ ಅವನು ಶಾಲೆಗೇ ಬರಲಿಲ್ಲ. ಜೋಪಡಿಗೆ ಹೋಗಿ ಕರೆತರಬೇಕಾಯಿತು.

ಅದೇ ವರ್ಷ ಒಂದನೆಯ ತರಗತಿಯ ಹುಡುಗಿಯೊಬ್ಬಳಿಗೆ ಅಕ್ಷರಗಳೇ ಹತ್ತುತ್ತಿರಲಿಲ್ಲ. ನನಗೋ ಬಿಡುವಿಲ್ಲ. ಇವನು ಚೆನ್ನಾಗಿ ಓದುತ್ತಿದ್ದುದರಿಂದ, ಅವಳಿಗೆ ಹೇಳಿಕೊಡುವೆಯಾ ಎಂದು ಕೇಳಿದೆನು. ಅದರಲ್ಲಿ ಯಾವ ಯೋಜನೆಯೂ ಇರಲಿಲ್ಲ, ಅನುಕೂಲಕ್ಕೆ ಕೇಳಿದ್ದು. ಮರುದಿನದಿಂದ ಅವನು ಗಂಟೆ ಹೊಡೆಯುವ ಮೊದಲೇ ಜಗಲಿಯಲ್ಲಿ ಕುಳಿತಿರುತ್ತಿದ್ದನು. ಒಂದು ರಾತ್ರಿ ಅಕಾಲದ ಮಳೆಗೆ ಅವರ ಜೋಪಡಿ ಕುಸಿಯಿತು. ಇನ್ನು ಒಂದು ವಾರ ಬರಲಾರನೆಂದುಕೊಂಡೆನು. ಒದ್ದೆ ಅಂಗಿಯಲ್ಲಿಯೇ ಬಂದನು, ಹುಡುಗಿ ಕಾಯುತ್ತಿರುವಳಲ್ಲವೇ!

ನಮ್ಮ ಹಿರಿಯರ ಕಾಲದಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರು ಆಗ ನೆನಪಾದರು. ದುಡಿದ ಹೋಟೆಲಿನ ನೆಲವೇ ಅವರಿಗೆ ಹಾಸಿಗೆ. 1908ರಲ್ಲಿ ಆರಂಭವಾದ ಮೊಗವೀರರ ರಾತ್ರಿಶಾಲೆಯಂತಹ ಕಡೆಗಳಲ್ಲಿ ಕೆಲವರು ಓದಿದರು. ಊರಿನ ತಾಯಿಗೆ ಮನಿಯಾರ್ಡರು ಕಳುಹಿಸಿದ ದಿನ, ಪಟ್ಟಣದಲ್ಲಿ ಗತಿಯಿಲ್ಲದ ಹುಡುಗನು ತನ್ನ ಮನೆಗೆ ಯಜಮಾನನಾಗುತ್ತಿದ್ದನು. ಆ ಹೆಮ್ಮೆ ಎಷ್ಟೋ ಜನರನ್ನು ಕುಸಿಯದಂತೆ ಹಿಡಿದಿರಬೇಕು.

ಆದರೂ ಈ ಕಥೆಯನ್ನು ಬರಿದೆ ಹೊಗಳಲಾರೆನು. ಕಳುಹಿಸುವೆಯಾ ಎಂದು ಆ ಹುಡುಗರನ್ನು ಕೇಳಿದವರು ವಿರಳ. ಒಲ್ಲೆನೆನ್ನಲು ಅವಕಾಶವಿಲ್ಲದೆ ಕೊಟ್ಟದ್ದು ಕಪ್ಪವೇ ಹೊರತು ದಾನವಲ್ಲ. ಹೋಟೆಲುಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದನ್ನು 2006ರಲ್ಲಿ ಸರಕಾರವು ನಿಷೇಧಿಸಿತು, ಒಳ್ಳೆಯದಾಯಿತು. ಉಣ್ಣಲು ಅನ್ನ, ಮಲಗಲು ನಿರ್ಭಯವಾದ ಸ್ಥಳ, ಇವು ಮಗುವಿಗೆ ಮೊದಲು ಸಲ್ಲಬೇಕಾದ ಋಣ. ಅನ್ನಕ್ಕೆ ಪ್ರತಿಯಾಗಿ ಸೇವೆಯನ್ನು ಕೇಳಿದರೆ ಅದು ಜೀತ. ಇನ್ನು, ಮಗುವಿನ ಸಂತೋಷಕ್ಕಾಗಿ ಹುಸಿ ಕೆಲಸವನ್ನು ಕಲ್ಪಿಸಿಕೊಡುವವರೂ ಉಂಟು. ಮಕ್ಕಳು ಅದನ್ನು ಕೂಡಲೇ ಬಲ್ಲರು. (ಮಾಸ್ತರರಷ್ಟು ಮಂದಬುದ್ಧಿ ಅವರದಲ್ಲ.) ಆ ಹುಡುಗಿಗೆ ಓದು ನಿಜವಾಗಿಯೂ ಬಾರದಿದ್ದುದೇ ಆ ಬಾಲಕನ ಪುಣ್ಯ.

ಮೇ ತಿಂಗಳ ಕೊನೆಯಲ್ಲಿ ಅವನ ತಂದೆ ಕೆಲಸ ಮುಗಿಸಿ ಊರಿಗೆ ಹೊರಟನು. ಹೇಳಿ ಹೋಗಲು ನನ್ನ ಮನೆಯ ಅಂಗಳಕ್ಕೆ ಬಂದ ಬಾಲಕನು ತನಗೆ ಕೊಟ್ಟಿದ್ದ ಪುಸ್ತಕವನ್ನು ಮುಂದೆ ಚಾಚಿದನು. “ಸರ, ಇದನ್ನ ಆಕಿಗೆ ಕೊಡ್ರಿ. ನಾ ಹೋದ ಮ್ಯಾಲೆ ಆಕಿಗೆ ಯಾರ ಓದಸ್ತಾರ್ರಿ?” ಎಂದು ಕೇಳಿದನು. ನಾನು ಓದಿಸುವೆನೆಂದೆನು. ಅವನು ನನ್ನನ್ನು ಅಷ್ಟಾಗಿ ನಂಬಿದಂತೆ ಕಾಣಲಿಲ್ಲ. ಎಲ್ಲಿಯವರೆಗೆ ಪಾಠವಾಗಿದೆಯೆಂದು ಪುಟದ ಮೂಲೆಯನ್ನು ಮಡಿಸಿ ತೋರಿಸಿ ಹೋದನು.